ಅಕ್ಕ ಆರಿಸಿದ ಕೀಬೋರ್ಡು

ನಮ್ಮದು ಇಬ್ಬರ ಆರ್ಕೆಸ್ಟ್ರಾ. ಅಕ್ಕ ಕೀಬೋರ್ಡ್ ನುಡಿಸುತ್ತಾಳೆ, ಭಾವ ಹಾಡುತ್ತಾರೆ. ಡ್ರಮ್ಮು, ಗಿಟಾರು, ಪಿಟೀಲು ಎಲ್ಲ ಅಕ್ಕನ ಕೀಬೋರ್ಡಿನ ಹೊಟ್ಟೆಯಿಂದಲೇ ಬರಬೇಕು. ವೈರು ಸುತ್ತಿ, ಸ್ಟ್ಯಾಂಡು ಹೊತ್ತು, ಸ್ಪೀಕರಿನ ಹಿಂದೆ ಕೂರುವವಳು ನಾನು. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತೇನೆ, ಸಂಜೆ ಇವರಿಬ್ಬರ ಹಿಂದೆ ಅಲೆಯುತ್ತೇನೆ. ಅಲೆಯುವುದಕ್ಕೆ ಬೇಜಾರಿಲ್ಲ. ಆದರೆ ಯಾರಾದರೂ ಬಂದು "ನೀವೇನು ನುಡಿಸ್ತೀರಿ ಮೇಡಂ?" ಅಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಭಾವನನ್ನು ಜನ ಕರೆಯುವುದೇ 'ತಾರಕ' ಅಂತ. ಅವರು ಮೇಲಿನ ಸ್ವರ ಹಿಡಿದರೆ ಮದುವೆ ಮನೆಯಲ್ಲಿ ಊಟದ ತಟ್ಟೆ ಹಿಡಿದು ನಿಂತವರು ತುತ್ತು ಮರೆಯುತ್ತಿದ್ದರು. ಮನುಷ್ಯ ಚಿನ್ನದಂಥವರು, ಆದರೆ ಆ ಗಂಟಲಿನ ಜಂಬ ಅಷ್ಟಿಷ್ಟಲ್ಲ. ವಯಸ್ಸಾದ ಗಾಯಕರು ಯಾರಾದರೂ ಶ್ರುತಿ ಇಳಿಸಿಕೊಂಡು ಹಾಡಿದರೆ ಮೂಗು ಮುರಿಯುತ್ತಿದ್ದರು. "ನಾನು ಶ್ರುತಿ ಇಳಿಸಿದ ದಿನ ಮೈಕು ಕೆಳಗಿಡ್ತೀನಿ. ಮತ್ತೆ ಮುಟ್ಟೋದಿಲ್ಲ, ಬರೆದಿಟ್ಟುಕೊಳ್ಳಿ" ಅಂತ ಅವರು ಹೇಳದ ಜಾಗವಿಲ್ಲ. ಹೇಳಿದ್ದನ್ನು ಮಾಡುವ ಮನುಷ್ಯ ಬೇರೆ. ಸಿಗರೇಟು ಬಿಡ್ತೀನಿ ಅಂದವರು ಅವತ್ತಿನಿಂದ ಅದರ ಹೊಗೆ ಇರುವ ಕೋಣೆಗೂ ಕಾಲಿಟ್ಟಿಲ್ಲ. ಹಾಡು ಬಿಟ್ಟರೆ ಆ ಮನುಷ್ಯನಲ್ಲಿ ಉಳಿಯುವುದಾದರೂ ಏನು? ನನಗಂತೂ ಯೋಚಿಸುವುದಕ್ಕೇ ಭಯ.

ಹೀಗಿರುವಾಗ ಒಂದು ಹುಟ್ಟುಹಬ್ಬದ ಕಾರ್ಯಕ್ರಮದಲ್ಲಿ ಹಳೆಯ ಕೀಬೋರ್ಡು ಕೈ ಕೊಟ್ಟಿತು. ಹಾಡಿನ ಮಧ್ಯೆ ಒಂದು ಕೀಲಿ ಒತ್ತಿದ್ದು ಮೇಲೇಳಲಿಲ್ಲ, ಕುಂಯ್ಯೋ ಅಂತ ಒಂದೇ ಸ್ವರ ಹಿಡಿದು ಕೂತಿತು. ಮಗು ಕೇಕು ಕತ್ತರಿಸುವುದು ಬಿಟ್ಟು ಕಿವಿ ಮುಚ್ಚಿಕೊಂಡಿತು. ರಿಪೇರಿಯವನು ಬಿಚ್ಚಿ ನೋಡಿ, "ಇದರ ಕಾಲ ಮುಗೀತು ಅಕ್ಕಾ, ಹೊಸದು ನೋಡಿ" ಅಂದ. ಅದೇ ಹೊತ್ತಿಗೆ ಭಾವನ ಬಹುದಿನದ ಆಸೆಯೂ ಕೂಡಿಬಂದಿತ್ತು. ಅವರೇ ಕಟ್ಟಿದ ಹಾಡನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವುದು ಅಂತ ನಿಶ್ಚಯವಾಗಿತ್ತು. ಹಾಗಾಗಿ ಬೇಕಾಗಿದ್ದು ವರ್ಕ್‌ಸ್ಟೇಷನ್ ಅನ್ನುವ ಜಾತಿಯ ಕೀಬೋರ್ಡು. ಒಂದೊಂದೇ ವಾದ್ಯವನ್ನು ನುಡಿಸಿ, ಒಂದರ ಮೇಲೊಂದು ಕೂಡಿಸಿ, ಇಡೀ ಹಾಡನ್ನು ಅದರೊಳಗೇ ಕಟ್ಟಬಹುದು. ವೇದಿಕೆಗೂ ಆಗಬೇಕು, ಸ್ಟುಡಿಯೋಗೂ ಆಗಬೇಕು, ನಮ್ಮ ಕೈಗೂ ಎಟುಕಬೇಕು.

ಮೂವರೂ ಅಂಗಡಿಗೆ ಹೋದೆವು. ಒಳಗೆ ಕಾಲಿಟ್ಟವಳೇ ನಾನು ಕಣ್ಣು ಕಣ್ಣು ಬಿಟ್ಟೆ. ಗೋಡೆಯುದ್ದಕ್ಕೂ ಕೀಬೋರ್ಡುಗಳು, ಒಂದೊಂದರಲ್ಲೂ ದೀಪ ಮಿಣುಕುತ್ತಿತ್ತು. ಭಾವ ನೆಟ್ಟಗೆ ಹೋಗಿ ದೊಡ್ಡ ಬಣ್ಣದ ಪರದೆ ಇದ್ದದ್ದರ ಮುಂದೆ ನಿಂತರು.

"ಇದೇ! ಟೀವಿ ಇದ್ದ ಹಾಗಿದೆ ನೋಡೇ!"

ಅಕ್ಕ ಸ್ಟೂಲೆಳೆದುಕೊಂಡು ಕೂತು, ಪಿಟೀಲುಗಳ ಗುಂಪಿನ ನಾದ ಹಾಕಿ ಎರಡೂ ಕೈ ಇಟ್ಟಳು. ಅಬ್ಬಾ! ಆ ಇಷ್ಟಗಲದ ಪ್ಲಾಸ್ಟಿಕ್ ಡಬ್ಬಿಯಿಂದ ಅಂಥ ನಾದ ಹೊರಡುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೂರು ಜನ ಒಟ್ಟಿಗೆ ಕಮಾನು ಎಳೆದ ಹಾಗೆ ಅಂಗಡಿಯೆಲ್ಲ ತುಂಬಿಕೊಂಡಿತು, ನನ್ನ ತೋಳಿನ ಕೂದಲು ನೆಟ್ಟಗೆ ನಿಂತವು. ಆಚೆ ತಂತಿ ಕೊಳ್ಳಲು ಬಂದಿದ್ದವನೊಬ್ಬ ಚೌಕಾಸಿ ನಿಲ್ಲಿಸಿ ತಿರುಗಿ ನೋಡಿದ. ಅಕ್ಕ ಅದ್ಯಾವುದೋ ಗುಂಡಿ ಒತ್ತಿ, ಪರದೆಯ ಕಡೆ ಒಂದು ಕ್ಷಣ ನೋಡಿ ಎದ್ದುಬಿಟ್ಟಳು.

"ಇದು ಬೇಡ."

ಎರಡನೆಯದೂ ಹಾಗೇ. ನುಡಿಸಿದಳು, ಗುಂಡಿ ಒತ್ತಿದಳು, ಪರದೆ ನೋಡಿದಳು, ಬೇಡ. ಮೂರನೆಯದರಲ್ಲಿ ಪಿಯಾನೋ ನಾದ ಎಷ್ಟು ಸೊಗಸಾಗಿತ್ತೆಂದರೆ ಅಂಗಡಿಯವರೇ "ಕೈ ಚೆನ್ನಾಗಿದೆ ಅಮ್ಮಾ" ಅಂದರು. ಅದೂ ಬೇಡವಂತೆ! ನನಗೆ ರೇಗಿಹೋಯಿತು. ಭಾವ ಮೈಕುಗಳನ್ನು ನೋಡಲು ಆಚೆ ಹೋದದ್ದೇ ತಡ, ಅಕ್ಕನ ರಟ್ಟೆ ಹಿಡಿದು ಸ್ಪೀಕರ್ ಪೆಟ್ಟಿಗೆಗಳ ಮರೆಗೆ ಎಳೆದೆ.

"ತಲೆ ನೆಟ್ಟಗಿದೆಯಾ ನಿಂಗೆ? ಸೀರೆ ಆರಿಸೋಕೂ ಇಷ್ಟು ಸತಾಯಿಸಲ್ಲ ನೀನು. ಅದಕ್ಕೇನಾಗಿದೆ ರೋಗ?"

"ಮೆಲ್ಲಗೆ ಮಾತಾಡೇ. ಅದು ಪರದೆ ಮೇಲೆ ತೋರಿಸುತ್ತೆ."

"ಏನನ್ನ?"

ಅಕ್ಕ ಭಾವನ ಬೆನ್ನಿನ ಕಡೆ ನೋಡಿದಳು. "ಎಷ್ಟು ಇಳಿಸಿದೀನಿ ಅಂತ."

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಟ್ರಾನ್ಸ್‌ಪೋಸ್ ಅಂತ ಒಂದು ಗುಂಡಿ ಇರುತ್ತದೆ. ಒಮ್ಮೆ ಒತ್ತಿದರೆ ಬೆರಳು ಇದ್ದ ಜಾಗದಲ್ಲೇ ಇದ್ದರೂ ಇಡೀ ಹಾಡು ಪಕ್ಕದ ಕೀಲಿಯ ಸ್ವರಕ್ಕೆ, ಅಂದರೆ ಒಂದು ಮನೆ ಕೆಳಕ್ಕೆ ಇಳಿಯುತ್ತದೆ. ಭಾವ ಶ್ರುತಿ ಹಿಡಿಯುವುದು ಕೀಬೋರ್ಡಿನಿಂದ. ಅದು ಕೊಟ್ಟದ್ದೇ ಅವರ ಶ್ರುತಿ. ಅವರು ದೊಡ್ಡ ಜ್ವರ ಬಿದ್ದು ಎದ್ದ ವರ್ಷ, ಮೇಲಿನ ಸಾಲಿನಲ್ಲಿ ಕುತ್ತಿಗೆಯ ನರ ಉಬ್ಬುವುದನ್ನು ಅಕ್ಕ ನೋಡಿದಳಂತೆ. ಮುಂದಿನ ಹಾಡಿಗೆ ಮುಂಚೆ ಅವರು ನೀರು ಕುಡಿಯಲು ತಿರುಗಿದಾಗ ಒಂದು ಮನೆ ಇಳಿಸಿದಳು. ಒಂದೆರಡು ವರ್ಷ ಬಿಟ್ಟು ಇನ್ನೊಂದು. ಆಮೇಲೆ ಮತ್ತೊಂದು. ಒಟ್ಟು ಮೂರು.

"ಅವರಿಗೆ ಗೊತ್ತಾಗಲಿಲ್ವಾ?"

"ಇಳಿಸಿದಾಗೆಲ್ಲ ಮೇಲೊಂದು ಮಿಂಚೋ ನಾದ ಸೇರಿಸ್ತೀನಿ, ಗಂಟೆ ತರಾನೋ, ಸಣ್ಣ ಪಿಟೀಲೋ. ಕಿವಿಗೆ ಎತ್ತರದಲ್ಲೇ ಇದೆ ಅನ್ಸುತ್ತೆ. ಅದಕ್ಕೇ ಹಾಡಿನ ಮಧ್ಯೆ ನಾದ ಬದಲಾಯಿಸಿದರೆ ಚೂರೂ ಕಡಿಯೋ ಹಾಗಿಲ್ಲ. ಆ ಮೂರನೇದು ಕಡಿಯುತ್ತೆ."

ಹಳೆಯ ಕೀಬೋರ್ಡಿನ ಪುಟ್ಟ ದೀಪಕ್ಕೆ ಅವಳು ಅಂಟಿಸಿದ್ದ ಕಪ್ಪು ಟೇಪು ನೆನಪಾಯಿತು. ಒಡೆದಿರಬೇಕು ಅಂದುಕೊಂಡಿದ್ದೆ. ಇಷ್ಟು ವರ್ಷ ಅವಳ ಬೆನ್ನಿಗೇ ಅಂಟಿಕೊಂಡು ಕೂತವಳು ನಾನು, ನನಗೂ ಸುಳಿವು ಕೊಟ್ಟಿರಲಿಲ್ಲವಲ್ಲ! ಜನ ತುತ್ತು ಮರೆತು ನಿಂತಾಗೆಲ್ಲ ಆ ಗಂಟಲನ್ನು ಕೆಳಗಿನಿಂದ ಕೈಕೊಟ್ಟು ಎತ್ತಿ ಹಿಡಿದಿದ್ದವಳು ಇವಳು. ಎತ್ತಿದ್ದೇನೆ ಅಂತ ಒಂದು ದಿನ ಮುಖದಲ್ಲೂ ತೋರಿಸಿದವಳಲ್ಲ. ರೇಗಲು ಬಂದವಳು ಅವಳ ರಟ್ಟೆ ಬಿಟ್ಟೆ. ನನ್ನ ಬಾಯಿ ಕಟ್ಟುವುದು ಸಾಮಾನ್ಯದ ಕೆಲಸವಲ್ಲ, ಬೇಕಾದರೆ ನನ್ನ ಗಿರಾಕಿಗಳನ್ನು ಕೇಳಿ.

ಕೊನೆಗೆ ಮೂಲೆಯಲ್ಲಿ ಧೂಳು ಹೊದ್ದು ಕೂತಿದ್ದ ಒಂದರ ಮುಂದೆ ಅಕ್ಕ ನಿಂತಳು. ಹಿಂದಿನ ವರ್ಷದ್ದು, ಬೆಲೆ ಇಳಿಸಿದ್ದರು. ಪರದೆ ಎರಡು ಬೆರಳಗಲ. ಗುಂಡಿ ಒತ್ತಿ ಹಿಡಿದರೆ ಮಾತ್ರ ಅಂಕಿ ಕಾಣುತ್ತದೆ, ಬಿಟ್ಟರೆ ಮಾಯ. ಪಿಟೀಲಿನಿಂದ ಗಂಟೆಗೆ, ಗಂಟೆಯಿಂದ ಪಿಯಾನೋಗೆ ಹಾರಿದಳು, ನಾದ ಎಲ್ಲೂ ಕಡಿಯಲಿಲ್ಲ. ಡ್ರಮ್ ಹಾಕಿದಳು, ಅದರ ಮೇಲೆ ಬೇಸು, ಅದರ ಮೇಲೆ ಗಿಟಾರು. ನಾವು ನೋಡುನೋಡುತ್ತಿದ್ದಂತೆ ಹತ್ತು ಬೆರಳಿನ ಒಬ್ಬ ಹೆಂಗಸು ಇಡೀ ವಾದ್ಯಮೇಳವಾಗಿಬಿಟ್ಟಳು. ನನ್ನನ್ನು ಕರೆದು, "ಎತ್ತಿ ನೋಡೇ" ಅಂದಳು. ಎತ್ತಿದೆ. ಹಗುರ.

"ಪರದೆ ಚಿಕ್ಕದು ಅಂತ ಇದನ್ನ ಯಾರೂ ಕೇಳೋದೇ ಇಲ್ಲ" ಅಂದರು ಅಂಗಡಿಯವರು.

"ಇದನ್ನೇ ಕಟ್ಟಿಕೊಡಿ."

"ಅಳೆದು ಸುರಿದು ಕೊನೆಗೆ ಈ ಕಣ್ಣಿಲ್ಲದ್ದನ್ನ ಆರಿಸಿದೆಯಲ್ಲೇ!" ಅಂತ ಭಾವ ದಾರಿಯುದ್ದಕ್ಕೂ ಗೊಣಗಿದರು. ಅಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಸ್ಟುಡಿಯೋ ಒಂದು ಬಟ್ಟೆ ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಗೋಡೆಗೆಲ್ಲ ಸ್ಪಂಜು, ಒಳಗೆ ಹೋದರೆ ನಮ್ಮ ಉಸಿರು ನಮಗೇ ಕೇಳುವಷ್ಟು ಮೌನ. ಗಾಜಿನಾಚೆ ಇಂಜಿನಿಯರ್ ಕೂತಿದ್ದರು. ಈ ಹಾಡಿಗೆ ಗೊತ್ತುಮಾಡಿದ್ದ ಕೊಳಲಿನವರಿಗೆ ಬೇರೆ ಊರಲ್ಲಿ ಕಾರ್ಯಕ್ರಮ ಇದ್ದದ್ದರಿಂದ ಮೊದಲೇ ಬಂದು ತಮ್ಮ ಭಾಗ ನುಡಿಸಿ ಹೋಗಿದ್ದರು. ಯಾವ ಶ್ರುತಿಯಲ್ಲಿ ಅಂತ ಅವರು ಭಾವನನ್ನು ಕೇಳಿದ್ದರು. ಭಾವ ಫೋನಿನಲ್ಲಿ ಎದೆಯುಬ್ಬಿಸಿ ತಮ್ಮ ಹಳೆಯ ಶ್ರುತಿಯನ್ನೇ ಹೇಳಿದ್ದರು!

ಹೆಡ್‌ಫೋನಿನಲ್ಲಿ ಕೊಳಲು ಬಂದದ್ದೇ ಅಕ್ಕನ ಮುಖ ಬಿಳಿಚಿತು. ಒಂದು ಕೈಯಲ್ಲಿ ನುಡಿಸುತ್ತಲೇ ಇನ್ನೊಂದು ಕೈಯಲ್ಲಿ ಆ ಗುಂಡಿಯನ್ನು ಮೇಲಕ್ಕೆ ಒತ್ತಿ, ಶ್ರುತಿಯನ್ನು ಹಳೆಯ ಜಾಗಕ್ಕೇ ಏರಿಸಿದ್ದನ್ನು ನಾನು ಕಂಡೆ. ಬೇರೆ ದಾರಿ ಇರಲಿಲ್ಲ. ಕೊಳಲಿಗೆ ಕೂಡಬೇಕಲ್ಲ.

ಭಾವ ಕಣ್ಣುಮುಚ್ಚಿ ಶುರುಮಾಡಿದರು. ಮೊದಲ ಸಾಲು ಹೇಗೋ ದಾಟಿತು. ಮೇಲಿನ ಸಾಲಿಗೆ ಹೋದಾಗ ಗಂಟಲು ಒಡೆಯಿತು. "ಇನ್ನೊಂದು ಸಲ" ಅಂದರು. ಮತ್ತೆ ಒಡೆಯಿತು. ಬಿಸಿನೀರು ಕುಡಿದು ಬಂದರು. ಈ ಸಲ ಸ್ವರ ಸಿಗುವುದಿರಲಿ, ಕೆಮ್ಮು ಬಂತು. ಇಂಜಿನಿಯರ್ ಮೆಲ್ಲಗೆ "ಸ್ವಲ್ಪ ವಿಶ್ರಾಂತಿ ತಗೊಳ್ಳಿ ಸಾರ್" ಅಂದರು.

ಭಾವ ಹೆಡ್‌ಫೋನ್ ತೆಗೆದು ಮೈಕಿನ ಸ್ಟ್ಯಾಂಡಿಗೆ ನೇತುಹಾಕಿದರು. "ಬೇಡ. ನಿಲ್ಲಿಸಿಬಿಡಿ. ಮೊನ್ನೆವರೆಗೂ ಇತ್ತು, ಇವತ್ತು ಹೋಯ್ತು. ಮುಗೀತು ನಂದು." ಹೇಳಿದರೆ ಶ್ರುತಿ ಇಳಿದದ್ದು ತಿಳಿದು ಮೈಕು ಬಿಡುತ್ತಾರೆ, ಹೇಳದಿದ್ದರೆ ಗಂಟಲು ಹೋಯಿತೆಂದು ಬಿಡುತ್ತಾರೆ. ಏನು ಮಾಡುತ್ತಾಳೆ ಇವಳು?

ಅಕ್ಕ ಕೊಳಲನ್ನು ನಿಲ್ಲಿಸಲು ಗಾಜಿನ ಕಡೆ ಕೈ ಮಾಡಿದಳು. ಗುಂಡಿಯನ್ನು ಕೆಳಕ್ಕೆ ಒತ್ತಿದಳು, ಮೂರು ಸಲ, ಅವರ ಕಣ್ಣೆದುರಿಗೇ. ಮಿಂಚುವ ನಾದ ಯಾವುದನ್ನೂ ಸೇರಿಸಲಿಲ್ಲ. ಬರೀ ಪಿಯಾನೋದಲ್ಲಿ, ಕೋಣೆಗೆಲ್ಲ ಕೇಳುವ ಹಾಗೆ, ಹಾಡಿನ ಆರಂಭದ ಸಾಲು ನುಡಿಸಿ, "ಹಾಡಿ ರೀ" ಅಂದಳು.

ಅವರು ಹಾಡಿದರು. ಮೇಲಿನ ಸಾಲು ಬಂತು. ತಾನಾಗಿ ಬಂತು, ತುಂಬಿ ಬಂತು. ಸ್ಪಂಜಿನ ಗೋಡೆಯ ಆ ಪುಟ್ಟ ಕೋಣೆಯಲ್ಲಿ ಅಷ್ಟು ಹತ್ತಿರದಿಂದ ಆ ಗಂಟಲನ್ನು ನಾನು ಎಂದೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ನನಗೇ ತಿಳಿಯಲಿಲ್ಲ. ಹಾಡುತ್ತ ಹಾಡುತ್ತ ಭಾವನಿಗೆ ತಿಳಿಯಿತು. ಸಾಲು ಮುಗಿಸಿ ನಿಂತರು.

"ಯಾವಾಗಿಂದ?"

"ನಿಮಗೆ ಜ್ವರ ಬಂದು ಎದ್ದ ವರ್ಷದಿಂದ."

ಮುಗೀತು, ಇನ್ನು ಈ ಮನುಷ್ಯ ಬಾಗಿಲು ತೆಗೆದು ಹೊರಟೇಬಿಡುತ್ತಾರೆ ಅಂದುಕೊಂಡೆ. ಅವರು ಅಕ್ಕನ ಹತ್ತಿರ ಬಂದು, ಬಗ್ಗಿ, ಆ ಎರಡು ಬೆರಳಗಲದ ಪರದೆಯನ್ನು ಹುಡುಕಿದರು.

"ಎಲ್ಲಿ ತೋರಿಸುತ್ತೆ ಅದು?"

ಅಕ್ಕ ಗುಂಡಿ ಹಿಡಿದು ತೋರಿಸಿದಳು. ಮೂರು. ಭಾವ ತುಂಬ ಹೊತ್ತು ನೋಡಿದರು.

"ಇದಕ್ಕೇನಾ ಈ ಕಣ್ಣಿಲ್ಲದ್ದನ್ನ ಆರಿಸಿದ್ದು?"

ಅಕ್ಕ ತಲೆ ತಗ್ಗಿಸಿದಳು.

"ಮೂರಕ್ಕೇ ಯಾಕೆ ನಿಲ್ಲಿಸಿದೆ?"

"ನಾಲ್ಕನೇ ಸಲಕ್ಕೆ ಬೆರಳು ಬರಲಿಲ್ಲ ರೀ."

"ಆ ಮೇಲಿನ ಸಾಲು ಈಗಲೂ ಚೂರು ಹಿಡಿಯುತ್ತೆ ಕಣೇ" ಅಂದರು ಭಾವ. ಅಕ್ಕನ ಬೆರಳನ್ನು ಮೆಲ್ಲಗೆ ಸರಿಸಿ, ಆ ಗುಂಡಿಯನ್ನು ತಾವೇ ಇನ್ನೊಮ್ಮೆ ಕೆಳಕ್ಕೆ ಒತ್ತಿದರು. ಹೆಡ್‌ಫೋನ್ ಮತ್ತೆ ಹಾಕಿಕೊಂಡು ಮೈಕಿನ ಮುಂದೆ ಹೋಗಿ ನಿಂತರು.

"ಕೊಳಲಿನವನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಈಗ ನುಡಿಸು."