ಕೆಂಪು ಮಾತ್ರೆಗೆ ಸಿಕ್ಕ ಜೋಡಿ

ಸೋಮವಾರ ಬೆಳಗ್ಗೆ ಎಂಟು ಇಪ್ಪತ್ತಕ್ಕೆ ಅವ್ವನ ಕೈಯಿಂದ ಆರತಿ ತಟ್ಟೆ ಜಾರಿ ಬಿತ್ತು. ಓಡಿಬಂದು ನೋಡಿದರೆ ಹಣೆಯ ಕುಂಕುಮ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಕೈಕಾಲು ಗಡಗಡ ನಡುಗುತ್ತಿದ್ದವು.

"ಅವ್ವಾ, ಏನು ತಗಂಡೆ?"

"ಕೆಂಪು ಗುಳಿಗಿ... ದಿನಾ ತಗಳ್ಳಲ್ವೇನೇ."

ದಿನಾ! ಅದು ಸಕ್ಕರೆ ಕಾಯಿಲೆಯ ಮಾತ್ರೆ, ಮಧ್ಯಾಹ್ನ ಊಟದ ಜೊತೆ ನುಂಗಬೇಕಾದದ್ದು. ಅವತ್ತು ಅವ್ವನಿಗೆ ಒಪ್ಪತ್ತು, ಸಂಜೆಯವರೆಗೆ ಏನೂ ತಿನ್ನುವುದಿಲ್ಲ.

ಪಕ್ಕದ ಮನೆಯ ಅತ್ತೆ ನುಗ್ಗಿ ಬಂದರು. "ಬಾಯಿಗೆ ಸಕ್ಕರೆ ಹಾಕೇ! ಬಿ.ಎ. ಓದಿ ಕಣ್ ಕಣ್ ಬಿಡ್ತಾ ನಿಂತೀಯಲ್ಲ!"

ಹಾಕಿದೆ. ಕೊಂಡ್ಲಹಳ್ಳಿಯಿಂದ ಮೊಳಕಾಲ್ಮೂರಿನ ಆಸ್ಪತ್ರೆವರೆಗೂ ಆಟೋದಲ್ಲಿ ಅವಳ ಕೆನ್ನೆ ತಟ್ಟುತ್ತಲೇ ಇದ್ದೆ. ಕಣ್ಣು ಮುಚ್ಚಿಬಿಟ್ಟರೆ? ಈಗಲೂ ಅದೇ ದಾರಿ ತಲೆಯಲ್ಲಿ ಮತ್ತೆ ಮತ್ತೆ ಓಡುತ್ತದೆ.

ಅವ್ವನಿಗೆ ಓದು ಬಾರದು. ಹಿಂದಿನ ವಾರ ಚಳ್ಳಕೆರೆಯ ಕಾಲೇಜು ಮುಗಿಸಿ ಊರಿಗೆ ಬಂದಾಗ ನಾನೇ ಅವಳಿಗೆ ಪಾಠ ಮಾಡಿದ್ದೆ. ಬಿಳಿ ಮಾತ್ರೆ ಅಂದರೆ ಬೆಳಗ್ಗೆ, ಕೆಂಪು ಅಂದರೆ ಊಟ. ಹತ್ತು ಸಲ ಕೇಳಿದೆ, ಹತ್ತೂ ಸಲ ಸರಿ ಹೇಳಿದಳು. ಕಾಲೇಜಿನ ಮನಶ್ಶಾಸ್ತ್ರದ ತರಗತಿಯಲ್ಲಿ ಜೋಡಿ ಪದಗಳನ್ನು ನೆನಪಿಡುವ ಪ್ರಯೋಗವನ್ನು ನಾವೇ ಮಾಡಿದ್ದೆವು. ಬೀಗ–ಕೀಲಿಕೈ ಎಂಬ ಜೋಡಿ ಎಲ್ಲರಿಗೂ ಒಂದೇ ಸಲಕ್ಕೆ ಬಂತು. ಬೀಗ–ಮೋಡ ಎಷ್ಟು ಉರು ಹೊಡೆದರೂ ಕೈಕೊಟ್ಟಿತು. ಒಂದಕ್ಕೊಂದು ನಂಟಿಲ್ಲದ ಜೋಡಿ ನೆನಪಿನಲ್ಲಿ ನಿಲ್ಲದು ಎಂದು ಚಂದವಾಗಿ ರೆಕಾರ್ಡ್ ಪುಸ್ತಕದಲ್ಲಿ ಬರೆದು ಮರೆತಿದ್ದೆ!

ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಇಳಿಯುತ್ತಿದ್ದಂತೆ ಅವ್ವ ಕಣ್ಣು ಬಿಟ್ಟಳು.

"ಕುಂಕುಮ ಇಟ್ಕಂಡ ಕೂಡ್ಲೆ ಆ ಕೆಂಪು ಗುಳಿಗಿ ನೆಪ್ಪಾಗ್ತಿತ್ತು ಕಣೇ."

"ನಾನು ಹೇಳ್ಕೊಟ್ಟಿದ್ದು?"

"ಅದೂ ನೆಪ್ಪೈತೆ. ನೀನು ಕೇಳ್ದಾಗ."

ನಲವತ್ತು ವರ್ಷ ದಿನವೂ ಇಟ್ಟ ಕುಂಕುಮದ ಮುಂದೆ ನನ್ನ ಒಂದು ದಿನದ ಪಾಠ ಏನು ನಿಂತೀತು? ಉಳಿದ ದಿನಗಳಲ್ಲಿ ಬೆಳಗಿನ ತಿಂಡಿ ಅವಳನ್ನು ಉಳಿಸಿತ್ತು, ಅಷ್ಟೆ.

ಮನೆಗೆ ಬಂದ ಮೇಲೆ ಕೇಳಿದೆ: "ಅಡುಗೆಮನೇಲಿ ಕೆಂಪಗೆ ಏನೈತೆ?"

"ಖಾರದ ಪುಡಿ."

"ಅದು ಯಾತಕ್ಕೆ ಬೇಕಾಗೋದು?"

"ಸಾರಿಗೆ. ಸಾರು ಮುದ್ದೆಗೆ. ಇದೆಂಥ ಪರೀಕ್ಷೆನೇ ನಿಂದು!"

ದೇವರ ಗೂಡಿನ ಪಕ್ಕದಲ್ಲಿದ್ದ ಕೆಂಪು ಮಾತ್ರೆಯನ್ನು ತೆಗೆದು ಖಾರದ ಪುಡಿಯ ಡಬ್ಬಿಯ ಮೇಲಿಟ್ಟೆ. ಡಾಕ್ಟರು ಬೈದಿದ್ದರಿಂದ ಒಪ್ಪತ್ತು ಬಿಡಲು ಅವ್ವ ಗೊಣಗುತ್ತಲೇ ಒಪ್ಪಿದಳು. ವಾರವಿಡೀ ರಾತ್ರಿ ಎದ್ದೆದ್ದು ಅವಳ ಹಣೆ ಮುಟ್ಟಿ ನೋಡುತ್ತಿದ್ದೆ.

ಮುಂದಿನ ಸೋಮವಾರ ಏನೂ ಕೇಳದೆ ಬಾಗಿಲಲ್ಲಿ ನಿಂತೆ. ಅವ್ವ ಕುಂಕುಮ ಇಟ್ಟುಕೊಂಡಳು, ಬಿಳಿ ಮಾತ್ರೆ ನುಂಗಿದಳು, ಕಸ ಗುಡಿಸಲು ಹೋದಳು. ಮಧ್ಯಾಹ್ನ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದವಳು ಥಟ್ಟನೆ ಕೂಗಿದಳು: "ಲೇ, ಕೆಂಪುದು ಕೊಡೇ ಇತ್ಲಾಗೆ!"

ಅವತ್ತು ರಾತ್ರಿ ಮಲಗಿದವಳು ಬೆಳಕು ಹರಿದ ಮೇಲೇ ಎದ್ದೆ.