ಮೈದಾನ್ ಹವಲ್ಲಿಯಲ್ಲಿ ಹೊಲಿದ ಹಾಯಿ

ನಮ್ಮ ಹಾಯಿದೋಣಿ ಕ್ಲಬ್ಬಿನ ಮೊದಲ ಹಾಯಿ ಹೊಲಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಕುವೈತಿಗೆ ಬಂದ ಮೇಲೆ ನಾನು ಹೊಲಿದ ಅಬಾಯಗಳು, ಶಾಲೆಯ ಯೂನಿಫಾರ್ಮುಗಳು, ಕಿಟಕಿಯ ಪರದೆಗಳು ಯಾರ ಯಾರ ಮನೆಯಲ್ಲಿವೆಯೋ ತಿಳಿಯದು. ಆ ಹಾಯಿಯನ್ನು ಮಾತ್ರ ಇವತ್ತಿಗೂ ಶುಕ್ರವಾರ ಶುಕ್ರವಾರ ಕಣ್ಣಾರೆ ನೋಡುತ್ತೇನೆ.

ಕ್ಲಬ್ ಅಂದರೆ ಆಗ ನಾಲ್ಕೇ ಜನ. ಎ.ಸಿ. ರಿಪೇರಿ ಮಾಡುವ ನನ್ನ ಗಂಡ, ಎಗೈಲಾದ ಮಾಲಿನ ಒಬ್ಬ ಸೇಲ್ಸ್‌ಮನ್, ರುಮೈಥಿಯಾದ ಒಂದು ಮನೆಯ ಡ್ರೈವರ್, ಮತ್ತೆ ನಾವೆಲ್ಲ ಕಾಕ ಎಂದು ಕರೆಯುತ್ತಿದ್ದ ಬ್ಯಾರಿ ಬಡಗಿ. ಎಲ್ಲರೂ ದಕ್ಷಿಣ ಕನ್ನಡದವರು. ಇಲ್ಲಿ ಮಾತ್ರ ಸಮುದ್ರವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು.

ಸಮುದ್ರದ ದಂಡೆಯ ಒಂದು ಕ್ಲಬ್ಬಿಗೆ ಕಪಾಟು ಕೂರಿಸಲು ಹೋಗಿದ್ದ ಕಾಕನಿಗೆ ಶೆಡ್ಡಿನ ಹಿಂದೆ ಮಗುಚಿ ಹಾಕಿದ್ದ ಹಾಯಿದೋಣಿಯೊಂದು ಕಂಡಿತು. ತಳ ಬಿರುಕು ಬಿಟ್ಟಿತ್ತು, ಚುಕ್ಕಾಣಿ ಮುರಿದಿತ್ತು. ಕಾಕ ಅದನ್ನು ಸವರುತ್ತಾ ನಿಂತದ್ದನ್ನು ಕಂಡು ಅಲ್ಲಿಯ ಮೇಲ್ವಿಚಾರಕ, ವಯಸ್ಸಾದ ಕುವೈತಿ, ಯಾವ ಊರೆಂದು ಕೇಳಿದರಂತೆ. ಮಂಗಳೂರು ಎಂದ ಕೂಡಲೇ ಅವರ ಮುಖ ಅರಳಿತಂತೆ. ಅವರ ತಂದೆ ಹಡಗಿನಲ್ಲಿ ಮಂಗಳೂರಿಗೆ ಹೋಗಿ ಮರ, ಹೆಂಚು ತರುತ್ತಿದ್ದವರು. “ರಿಪೇರಿ ಮಾಡಿಕೊಳ್ಳಿ,” ಎಂದರು, “ಆದರೆ ದೋಣಿ ಇಲ್ಲೇ ಇರಬೇಕು. ಶುಕ್ರವಾರ ಬೆಳಿಗ್ಗೆ ಬನ್ನಿ, ನಡೆಸುವುದನ್ನು ನಾನೇ ಕಲಿಸುತ್ತೇನೆ.”

ನಾಲ್ವರೂ ಸೇರಿ ದೋಣಿಯನ್ನೇನೋ ಸರಿ ಮಾಡಿದರು. ಹಾಯಿ ಮಾತ್ರ ಬಿಸಿಲಿಗೆ ಜೀರ್ಣವಾಗಿ ಮುಟ್ಟಿದಲ್ಲಿ ಹರಿಯುತ್ತಿತ್ತು. ಗಂಡ ಅದನ್ನು ಮೈದಾನ್ ಹವಲ್ಲಿ ಬಡಾವಣೆಯ ನನ್ನ ಹೊಲಿಗೆ ಅಂಗಡಿಗೆ ತಂದು ನೆಲದ ಮೇಲೆ ಹರವಿದರು.

“ಇದನ್ನು ನೋಡಿ ಹೊಸದು ಹೊಲಿಲಿಕ್ಕೆ ಆಗ್ತದಾ?”

“ಪರದೆ ಹೊಲಿದವಳಿಗೆ ಇದೇನು ಮಹಾ?” ಎಂದೆ.

ಆ ಮಾತಿಗೆ ಮುಂದಿನ ಶುಕ್ರವಾರವೇ ನಾಚಿಕೊಂಡೆ. ಅಂಚಿನ ಅಳತೆ ಹಿಡಿದು ಚಪ್ಪಟೆಯಾಗಿ ಹೊಲಿದಿದ್ದ ನನ್ನ ಹಾಯಿ ಪಟಪಟ ಬಡಿದುಕೊಂಡಿತೇ ಹೊರತು ದೋಣಿ ಮುಂದೆ ಹೋಗಲಿಲ್ಲ. “ಗಾಳಿಯೇ ಹಿಡಿಯುವುದಿಲ್ಲ ತಂಗಿ,” ಎಂದು ಕಾಕ ನೀರಿನಿಂದಲೇ ಕೂಗಿದರು. ದಡದಲ್ಲಿ ನಿಂತು ಉಳಿದ ದೋಣಿಗಳನ್ನು ನೋಡಿದೆ. ಒಂದೊಂದು ಹಾಯಿಯೂ ಹೊಟ್ಟೆ ಉಬ್ಬಿಸಿಕೊಂಡಿತ್ತು. ಮರುದಿನ ಹಳೆಯ ಹಾಯಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಜೋಡಿಸಿದ್ದ ಬಟ್ಟೆಯ ಪಟ್ಟಿಗಳ ಅಂಚು ನೇರವಾಗಿರಲಿಲ್ಲ, ಸ್ವಲ್ಪ ಸ್ವಲ್ಪ ಬಾಗಿತ್ತು. ನಾನು ಮಾಡಿದ್ದು ಎದೆಯ ಉಬ್ಬಿಗೆ ಟಕ್ಸ್ ಹಿಡಿಯದೆ ಬ್ಲೌಸ್ ಹೊಲಿದ ಕೆಲಸ! ನನ್ನ ಹಾಯಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕತ್ತರಿಸಿದೆ. ಎರಡು ವಾರ ಹಿಡಿಯಿತು. ಆ ಹಾಯಿ ಏರಿಸಿದ ಮೊದಲ ದಿನ ದೋಣಿ ಓಡಿದ ರಭಸಕ್ಕೆ ನನ್ನ ಗಂಡನ ಟೋಪಿ ಹಾರಿಹೋಯಿತು.

ಆ ಚಳಿಗಾಲದ ಪಂದ್ಯಕ್ಕೆ ಮೇಲ್ವಿಚಾರಕರು ನಮ್ಮ ದೋಣಿಯನ್ನೂ ಸೇರಿಸಿದರು. “ಇವರು ಕೆಲಸದವರಲ್ಲವಾ?” ಎಂದು ದಂಡೆಯ ಆ ಕ್ಲಬ್ಬಿನ ಸದಸ್ಯನೊಬ್ಬ ನಮ್ಮೆದುರೇ ಕೇಳಿದ.

“ಹೌದು. ದೋಣಿ ರಿಪೇರಿ ಮಾಡಿದ್ದೂ ಅವರೇ,” ಎಂದರು ಮೇಲ್ವಿಚಾರಕರು. “ನಿನ್ನ ದೋಣಿಯನ್ನು ಯಾರು ಮಾಡಿದ್ದು?”

ದೋಣಿಗೆ ಮೂವರು ಬೇಕು. ಡ್ರೈವರನಿಗೆ ಅವತ್ತು ರಜೆ ಇರಲಿಲ್ಲ. ಪಂದ್ಯದ ಬೆಳಿಗ್ಗೆ ಸೇಲ್ಸ್‌ಮನ್‌ನಿಂದಲೂ ಫೋನ್ ಬಂತು: “ಅಕ್ಕ, ಮಾಲಿನಲ್ಲಿ ಆಫರ್ ಉಂಟು, ಬಿಡ್ತಾ ಇಲ್ಲ.” ನಾನು ಬರುತ್ತೇನೆ ಎಂದೆ.

“ನೀನಾ?” ಎಂದರು ಗಂಡ.

“ನಿಮಗೆ ಈಜು ಕಲಿಸಿದ್ದು ಯಾರು?”

ಕಾಕ ನಕ್ಕುಬಿಟ್ಟರು. ನಿಜ ಅದು; ಮದುವೆಯಾದ ವರ್ಷ ನನ್ನ ತವರಿನ ಹೊಳೆಯಲ್ಲಿ ಇವರಿಗೆ ಕೈಕಾಲು ಬಡಿಯಲು ಕಲಿಸಿದವಳು ನಾನೇ.

ಚೂಡಿದಾರದ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು ಕೂತೆ. ಗಾಳಿ ಬಲವಾಗಿತ್ತು. ದೋಣಿ ವಾಲಿದಾಗ ಅಂಚಿನಲ್ಲಿ ಕೂತು ಬೆನ್ನನ್ನು ನೀರಿನ ಮೇಲಕ್ಕೆ ಚಾಚಬೇಕು. “ಹೊರಗೆ ಬಾಗು ತಂಗಿ, ಇನ್ನೂ!” ಎಂದು ಚುಕ್ಕಾಣಿ ಹಿಡಿದ ಕಾಕ ಕಿರುಚುತ್ತಿದ್ದರು. ಉಪ್ಪುನೀರು ಕಣ್ಣಿಗೆ ಹೊಡೆಯುತ್ತಿದ್ದರೂ ನಾನು ಹಾಯಿಯನ್ನೇ ನೋಡುತ್ತಿದ್ದೆ. ಒಂದು ಹೊಲಿಗೆಯೂ ಬಿಡಲಿಲ್ಲ. ತಿರುವಿನಲ್ಲಿ ಎರಡು ದೋಣಿಗಳನ್ನು ಹಿಂದೆ ಹಾಕಿದೆವು. ಒಂಬತ್ತರಲ್ಲಿ ನಾಲ್ಕನೆಯವರಾಗಿ ಬಂದೆವು. ಕಪ್ ಸಿಗಲಿಲ್ಲ.

ದಡಕ್ಕೆ ಬಂದಾಗ, ಕೆಲಸದವರಲ್ಲವಾ ಎಂದು ಕೇಳಿದ್ದ ಅದೇ ಮನುಷ್ಯ ಹತ್ತಿರ ಬಂದು ಹಾಯಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. ಯಾವ ಕಂಪನಿಯದು ಎಂದು ಕೇಳಿದ. ಗಂಡ ನನ್ನ ಕಡೆ ಕೈ ತೋರಿಸಿದರು. ಆತ ನನ್ನ ಕಡೆ ತಿರುಗಿ, ತನ್ನ ಹಾಯಿಯೊಂದು ಹರಿದಿದೆ, ಹೊಲಿದುಕೊಡುತ್ತೀರಾ ಎಂದ. ಅಂಗಡಿಗೆ ತನ್ನಿ, ಶುಕ್ರವಾರ ಬಿಟ್ಟು ಯಾವತ್ತಾದರೂ, ಎಂದೆ.

ಕಾಕ ಈಗ ಊರಿಗೆ ಮರಳಿದ್ದಾರೆ. ನಮ್ಮಲ್ಲಿ ಮೂರು ದೋಣಿಗಳಿವೆ. ನರ್ಸುಗಳು, ಪೇಂಟರುಗಳು, ಹೋಟೆಲಿನವರು ಬರುತ್ತಾರೆ. ಇಲ್ಲೇ ಬೆಳೆದ ನನ್ನ ಮಗಳು ಚುಕ್ಕಾಣಿ ಹಿಡಿಯುತ್ತಾಳೆ. ನಾನು ದಡದಿಂದ ಕನ್ನಡದಲ್ಲಿ ಕೂಗಿದರೆ “ಐ ನೋ ಅಮ್ಮಾ!” ಎಂದು ಉತ್ತರ ಬರುತ್ತದೆ.

ಮೊನ್ನೆ ಹೊಸದಾಗಿ ಬಂದ ಅಡುಗೆಯವನೊಬ್ಬ ಮೆಲ್ಲಗೆ ಕೇಳಿದ: “ಅಕ್ಕ, ಈ ಕ್ಲಬ್ಬಿನ ಕಫೀಲ್ ಯಾರು?” ವೀಸಾಕ್ಕೆ ಒಬ್ಬ ಧಣಿ ಇಲ್ಲದೆ ಇಲ್ಲಿ ಬದುಕಿಲ್ಲವಲ್ಲ, ಕೇಳಿದ್ದರಲ್ಲಿ ತಪ್ಪಿಲ್ಲ.

“ಇದಕ್ಕೆ ಯಾರೂ ಇಲ್ಲ, ನಾವೇ,” ಎಂದು ಹಗ್ಗದ ತುದಿ ಅವನ ಕೈಗೆ ಕೊಟ್ಟೆ. “ಯಲ್ಲಾ, ನಡಿ, ಎಳಿ.”