ಓಣಿಗೆಲ್ಲ ಒಂದೇ ಇ-ಮೇಲ್

ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವ ಬಾನುಬೀ, ಎರಡು ವರ್ಷದ ಮಗಳು ಖುಷ್ಬೂಳ ಸೊಂಟಕ್ಕೆ ದುಪಟ್ಟಾ ಬಿಗಿದು ಮಷಿನ್ನಿನ ಕಾಲಿಗೆ ಕಟ್ಟಿಯೇ ಕೆಲಸಕ್ಕೆ ಕೂರುತ್ತಿದ್ದಳು. ಬಿಟ್ಟರೆ ಮಗು ಹೊಸ್ತಿಲು ದಾಟುತ್ತಿತ್ತು. ಹೊಸ್ತಿಲಾಚೆ ಹಗಲೆಲ್ಲ ಅದಿರಿನ ಲಾರಿಗಳು.

ಮನೆ-ಮಕ್ಕಳ ಸೌಲಭ್ಯಕ್ಕೆಂದು ಪಾಲಿಕೆ ಮಾಡುತ್ತಿದ್ದ ನಗರದ ಕುಟುಂಬ ನೀತಿಗೆ ಜನರೇ ಕಂಪ್ಯೂಟರಿನಲ್ಲಿ ಸಲಹೆ ಕೊಡಬಹುದೆಂಬ ಸುದ್ದಿ ಬಂದಾಗ, ಅವಳು ಓಣಿಯ ನಲವತ್ತು ಹೆಂಗಸರನ್ನು ಇಂಟರ್ನೆಟ್ ಅಂಗಡಿಗೆ ಕರೆದೊಯ್ದಳು. ಎಲ್ಲರೂ ಬರೆಸಿದ್ದು ಒಂದೇ: ಕೂಸುಗಳನ್ನು ನೋಡಿಕೊಳ್ಳುವ ಒಂದು ಮನೆ ಬೇಕು. ಯಾರಿಗೂ ಇ-ಮೇಲ್ ಇರಲಿಲ್ಲ. ಅಂಗಡಿಯ ನಯಾಜ್ ತನ್ನದನ್ನೇ ಎಲ್ಲರಿಗೂ ಹಾಕಿದ.

"ಒಂದು ಮನಿ ನಳಕ್ಕ ಓಣಿಯೆಲ್ಲ ಕೊಡ ಹಿಡಿಯಂಗಿಲ್ಲೇನ್ ಖಾಲಾ?" ಎಂದು ನಕ್ಕ.

ತಿಂಗಳ ನಂತರ ಅದೇ ನಲವತ್ತು ಮಂದಿ ವಿಚಾರಿಸಲು ಪಾಲಿಕೆ ಕಚೇರಿಗೆ ಹೋದರು. ಅಧಿಕಾರಿ ಪರದೆ ನೋಡಿದರು.

"ನಿಮ್ಮ ಓಣಿಯಿಂದ ಬಂದಿದ್ದು ಒಂದೇ ಅಭಿಪ್ರಾಯ ನೋಡಮ್ಮ. ಒಂದು ಇ-ಮೇಲಿಗೆ ಒಬ್ಬರೇ. ಕಂಟೋನ್ಮೆಂಟ್ ಕಡೆ ಮುನ್ನೂರು ಮಂದಿ ಪಾರ್ಕ್ ಕೇಳ್ಯಾರ."

"ನಾವಿಲ್ಲೇ ನಿಂತೀವಲ್ರಿ ಸಾಹೇಬ್ರ, ಎಣಿಸ್ಕೊಳ್ರಿ" ಎಂದಳು ಬಾನುಬೀ.

"ಹಂಗ ಎಣಿಸಾಕ ಬರಂಗಿಲ್ಲ."

ಕಣ್ಣೆದುರಿನ ಹೆಂಗಸರನ್ನು ಎಣಿಸಲಾರದವರು ಮನೆಮನೆಯ ನೀತಿ ಬರೆಯುತ್ತಾರೆ!

ಮನೆಗೆ ಬಂದು ಬಾನುಬೀ ಕಂಕುಳಿನಿಂದ ಖುಷ್ಬೂಳನ್ನು ಇಳಿಸಿದಳು. ಮಗು ತಾನಾಗಿಯೇ ಮಷಿನ್ನಿನ ಹತ್ತಿರ ಹೋಗಿ, ಕಟ್ಟಿಸಿಕೊಳ್ಳಲು ಎರಡೂ ಕೈ ಮೇಲೆತ್ತಿ ನಿಂತಿತು.